ಹೆಂಟರ್ ತಂಡದ ಎಚ್‌ಎಲ್‌ಎಚ್ ಮಾನದಂಡ: ‘8ರಲ್ಲಿ 5’ ತುಂಬುವವರೆಗೆ ಎಟೊಪೊಸೈಡ್ ಕಾಯಬೇಕೆ?

ಮಕ್ಕಳವಾರ್ಡ್

ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯ ಯಾನ್-ಇಂಗೆ ಹೆಂಟರ್ ಅವರ ಪ್ರಬಂಧಗಳನ್ನು ಕಾಲಕ್ರಮದಲ್ಲಿ ಓದಿದರೆ ಎಚ್‌ಎಲ್‌ಎಚ್ ಬಗ್ಗೆ ನಾವು ಪಿ.ಜಿ.ಯಲ್ಲಿ ಉರು ಹೊಡೆದ ಪಟ್ಟಿಯ ಅರ್ಥವೇ ಬೇರೆ ಆಗುತ್ತೆ. ಅದಕ್ಕೇ ಈ ಚರ್ಚೆ.

ಹೊಸಬರಿಗೆ ಎರಡು ಮಾತು. ಎಚ್‌ಎಲ್‌ಎಚ್ ಅಂದರೆ ಹೀಮೋಫ್ಯಾಗೋಸೈಟಿಕ್ ಲಿಂಫೋಹಿಸ್ಟಿಯೋಸೈಟೋಸಿಸ್. ಸೋಂಕು ತಗುಲಿದ ಜೀವಕೋಶವನ್ನು ಕೊಂದು ಸುಮ್ಮನಾಗಬೇಕಾದ ಟಿ ಕೋಶ, ಎನ್‌ಕೆ ಕೋಶಗಳಿಗೆ (ರೋಗನಿರೋಧಕ ಬಿಳಿ ರಕ್ತಕೋಶಗಳು) ಕೊಲ್ಲಲು ಆಗುವುದಿಲ್ಲ, ಹಾಗಾಗಿ ಸುಮ್ಮನಾಗುವುದೂ ಇಲ್ಲ. ಇಂಟರ್‌ಫೆರಾನ್ ಗಾಮಾ ಎಂಬ ಸೈಟೋಕೈನ್ (ಕೋಶಗಳ ನಡುವಿನ ಸಂಕೇತ ಪ್ರೋಟೀನ್) ಸುರಿಯುತ್ತಲೇ ಇರುತ್ತೆ, ಮ್ಯಾಕ್ರೋಫೇಜ್ ಎಂಬ ನುಂಗುವ ಕೋಶಗಳು ಕೆರಳಿ ಮಜ್ಜೆಯಲ್ಲಿರುವ ರಕ್ತಕೋಶಗಳನ್ನೇ ನುಂಗುತ್ತವೆ. ಕ್ಯಾನ್ಸರ್ ಅಲ್ಲ, ಆದರೆ ಕೊಡುವುದು ಎಟೊಪೊಸೈಡ್ ಎಂಬ ಕ್ಯಾನ್ಸರ್ ಔಷಧ. ರಕ್ತದ ಕ್ಯಾನ್ಸರಿನ ವೇಷದಲ್ಲಿ ಬರುತ್ತೆ, ಲಿಂಫೋಮಾ ಇದರ ಹಿಂದೆ ಅಡಗಿಯೂ ಇರುತ್ತೆ.

1952ರಲ್ಲಿ ಫರ್ಕರ್ ಮತ್ತು ಕ್ಲಾರೋ ಒಂದೇ ಮನೆಯ ಮಕ್ಕಳಲ್ಲಿ ಇದನ್ನು ವಿವರಿಸಿದರು. 1991ರಲ್ಲಿ ಹೆಂಟರ್ ತಂಡದಿಂದ ಮೂರು ಕೆಲಸ ಬಂದವು: ಸ್ವೀಡನ್ನಿನಲ್ಲಿ ವರ್ಷಕ್ಕೆ ಹತ್ತು ಲಕ್ಷ ಮಕ್ಕಳಿಗೆ ಸುಮಾರು 1.2 ಪ್ರಕರಣ ಎಂಬ ಲೆಕ್ಕ, ರಕ್ತದಲ್ಲಿ ಸೈಟೋಕೈನ್‌ಗಳು ವಿಪರೀತ ಏರಿರುತ್ತವೆ ಎಂಬ ವರದಿ, ಮತ್ತು ಹಿಸ್ಟಿಯೋಸೈಟ್ ಸೊಸೈಟಿ (ಈ ರೋಗಗಳ ಅಂತರರಾಷ್ಟ್ರೀಯ ವೈದ್ಯರ ಸಂಘ) ಪರವಾಗಿ ಮೊದಲ ರೋಗನಿರ್ಣಯ ಸೂಚಿ. ಆಮೇಲೆ ಎಚ್‌ಎಲ್‌ಎಚ್-94, ಎಚ್‌ಎಲ್‌ಎಚ್-2004 ಎಂಬ ಚಿಕಿತ್ಸಾ ಅಧ್ಯಯನಗಳು.

2004ರ ಮಾನದಂಡ, ಎಲ್ಲರಿಗೂ ಗೊತ್ತಿರುವುದೇ ಆದರೂ ಒಮ್ಮೆ: ಜ್ವರ, ಗುಲ್ಮ ಊತ, ಮೂರು ಕೋಶಸಾಲುಗಳಲ್ಲಿ ಎರಡು ಕುಸಿತ (ಹಿಮೋಗ್ಲೋಬಿನ್ 9ಕ್ಕಿಂತ, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ, ನ್ಯೂಟ್ರೋಫಿಲ್ 1000ಕ್ಕಿಂತ ಕಡಿಮೆ), ಖಾಲಿ ಹೊಟ್ಟೆಯ ಟ್ರೈಗ್ಲಿಸರೈಡ್ 265 ಮಿ.ಗ್ರಾಂ. ಅಥವಾ ಹೆಚ್ಚು, ಇಲ್ಲವೇ ಫೈಬ್ರಿನೋಜೆನ್ 150 ಮಿ.ಗ್ರಾಂ. ಅಥವಾ ಕಡಿಮೆ, ಮಜ್ಜೆ, ಗುಲ್ಮ ಅಥವಾ ದುಗ್ಧಗ್ರಂಥಿಯಲ್ಲಿ ಹೀಮೋಫ್ಯಾಗೋಸೈಟೋಸಿಸ್ (ಮ್ಯಾಕ್ರೋಫೇಜ್ ರಕ್ತಕೋಶ ನುಂಗಿರುವುದು), ಎನ್‌ಕೆ ಚಟುವಟಿಕೆ ಕಡಿಮೆ ಅಥವಾ ಇಲ್ಲ, ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನ್) 500 ಅಥವಾ ಹೆಚ್ಚು, ಕರಗುವ ಸಿಡಿ25 (ಕೆರಳಿದ ಟಿ ಕೋಶ ರಕ್ತಕ್ಕೆ ಬಿಡುವ ಪ್ರೋಟೀನ್) 2400 ಯೂನಿಟ್ ಅಥವಾ ಹೆಚ್ಚು. ಎಂಟರಲ್ಲಿ ಐದು ಇರಬೇಕು, ಇಲ್ಲವೇ ಜೀನ್ ದೋಷ ಸಾಬೀತಾಗಿರಬೇಕು.

ನನ್ನ ವಾದ ಇಷ್ಟೆ: ಈ ಪಟ್ಟಿ ಹುಟ್ಟಿದ್ದು ಅಧ್ಯಯನಕ್ಕೆ ಯಾರನ್ನು ಸೇರಿಸಬೇಕು ಅಂತ ತೀರ್ಮಾನಿಸಲು. ನಾಲ್ಕು ತುಂಬಿದೆ, ಐದನೆಯದಕ್ಕೆ ಕಾಯೋಣ ಅಂತ ಮಗು ಮೂರು ದಿನ ಇಳಿಮುಖ ಆಗುವುದನ್ನು ನೋಡುತ್ತ ಕೂರಲು ಅಲ್ಲ. ಒಪ್ತೀರಾ?

ಜ್ವರದ_ವಾರ್ಡ್

ಅರ್ಧ ಒಪ್ತೀನಿ. ಇನ್ನರ್ಧ ಹೇಳಲೇಬೇಕು. ಆ ಅಧ್ಯಯನಗಳ ಮಕ್ಕಳಲ್ಲಿ ಅನುವಂಶೀಯ ಎಚ್‌ಎಲ್‌ಎಚ್ ದೊಡ್ಡ ಪಾಲು. ನಮ್ಮಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಬರುವ ‘ಫೆರಿಟಿನ್ 8000’ ಮಕ್ಕಳಲ್ಲಿ ಡೆಂಗಿ, ಸ್ಕ್ರಬ್ ಟೈಫಸ್ ಎಷ್ಟೋ. ಪಟ್ಟಿಯನ್ನು ಸಡಿಲ ಬಿಟ್ಟರೆ ಅವರಿಗೆಲ್ಲ ಎಟೊಪೊಸೈಡ್ ಹೋಗುತ್ತೆ.

ಸ್ಕ್ರಬ್ ಟೈಫಸ್‌ನಲ್ಲಿ ಐದಕ್ಕೆ ಐದೂ ತುಂಬಿದರೂ ಡಾಕ್ಸಿಸೈಕ್ಲಿನ್ ಒಂದರಲ್ಲೇ ಬಹಳಷ್ಟು ಜನ ಇಳಿದುಬಿಡ್ತಾರೆ. 45 ಕಿಲೋ ಒಳಗಿನವರಿಗೆ ಕಿಲೋಗೆ 2.2 ಮಿ.ಗ್ರಾಂ., ದಿನಕ್ಕೆರಡು ಸಲ. 48 ಗಂಟೆಯಲ್ಲಿ ಜ್ವರ ಬಿಡಬೇಕು. ಎಸ್ಕಾರ್ (ಹುಳು ಕಚ್ಚಿದ ಜಾಗದ ಗಾಯ) ಹುಡುಕುವಾಗ ಬಟ್ಟೆ ಪೂರ್ತಿ ತೆಗೆಸಿ: ಕಂಕುಳು, ತೊಡೆಸಂದು, ಕಿವಿ ಹಿಂದೆ, ಹೊಕ್ಕುಳ ಸುತ್ತ. ಒದ್ದೆ ಜಾಗದಲ್ಲಿ ಕಪ್ಪು ಹೆಕ್ಕಳೆ ಇರುವುದಿಲ್ಲ, ಬರೀ ಕೆಂಪು ಗುಳಿ ಇರುತ್ತೆ, ಅದಕ್ಕೇ ತಪ್ಪಿಹೋಗುತ್ತೆ.

ಡೆಂಗಿಯಲ್ಲಿ ಗಮನಿಸಬೇಕಾದ್ದು ದಿನದ ಲೆಕ್ಕ. ಏಳು ದಿನ ದಾಟಿದರೂ ಜ್ವರ ನಿಂತಿಲ್ಲ, ಪ್ಲೇಟ್‌ಲೆಟ್ ಏರಬೇಕಾದ ಹೊತ್ತಿಗೆ ಇಳೀತಿದೆ, ಹಿಮೋಗ್ಲೋಬಿನ್ನೂ ಬೀಳ್ತಿದೆ ಅಂದಾಗ ಎಚ್‌ಎಲ್‌ಎಚ್ ಯೋಚನೆ. ಬಹುಪಾಲು ಸ್ಟಿರಾಯ್ಡ್‌ಗೇ ಬಗ್ಗುತ್ತೆ. ಬಿಹಾರದ ಕಡೆಯಿಂದ ಬಂದ ಕುಟುಂಬವಾದರೆ ಕಾಲಾ ಅಜಾರ್ ಬಿಡಬೇಡಿ. ಮಜ್ಜೆಯಲ್ಲಿ ಮ್ಯಾಕ್ರೋಫೇಜ್ ನೋಡಿ ಎಚ್‌ಎಲ್‌ಎಚ್ ಅಂದು ನಿಲ್ಲಿಸಿದರೆ ಅದೇ ಮ್ಯಾಕ್ರೋಫೇಜ್ ಒಳಗಿನ ಲೀಶ್ಮೇನಿಯಾ ಕಣ್ತಪ್ಪುತ್ತೆ. ಅದಕ್ಕೆ ಬೇಕಾದ್ದು ಲೈಪೋಸೋಮಲ್ ಆಂಫೊಟೆರಿಸಿನ್, ಎಟೊಪೊಸೈಡ್ ಅಲ್ಲ.

ಮಜ್ಜೆ_ಸ್ಲೈಡ್

ಮಜ್ಜೆ ಮಾತು ಬಂತು, ಸೇರಿಸ್ತೀನಿ. ಹೀಮೋಫ್ಯಾಗೋಸೈಟೋಸಿಸ್ ಇಲ್ಲ ಅಂತ ವರದಿ ಬಂದರೆ ರೋಗ ಇಲ್ಲ ಅಂತಲ್ಲ; ಮೊದಲ ಮಜ್ಜೆಯಲ್ಲಿ ಕಾಣದೆ, ವಾರದ ನಂತರದ್ದರಲ್ಲಿ ಕಾಣುವುದು ಮಾಮೂಲು. ಇದೆ ಅಂದ ಮಾತ್ರಕ್ಕೆ ರೋಗ ಇದೆ ಅಂತಲೂ ಅಲ್ಲ. ಸೆಪ್ಸಿಸ್‌ನಲ್ಲಿ, ಪದೇಪದೇ ರಕ್ತ ಏರಿಸಿದವರಲ್ಲಿ ಸಿಗುತ್ತೆ.

ಸ್ಲೈಡ್ ಓದುವಾಗ ಕೆಂಪು ಕಣ, ಪ್ಲೇಟ್‌ಲೆಟ್ ಚೂರು ನುಂಗಿದ್ದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ನ್ಯೂಕ್ಲಿಯಸ್ ಇರುವ ಕೋಶ, ಅಂದರೆ ಎರಿಥ್ರಾಯ್ಡ್ ಪೂರ್ವಕೋಶ, ನ್ಯೂಟ್ರೋಫಿಲ್, ಲಿಂಫೋಸೈಟ್ ಇಡಿಯಾಗಿ ಮ್ಯಾಕ್ರೋಫೇಜ್ ಒಳಗೆ, ಸುತ್ತ ಬಿಳಿ ವರ್ತುಲದ ಜೊತೆ ಕೂತಿದ್ದರೆ ಅದಕ್ಕೆ ಬೆಲೆ. ಕಣಗಳ ಹತ್ತಿರ ಮತ್ತು ಸ್ಮಿಯರಿನ ಬಾಲದಲ್ಲಿ ಕಡಿಮೆ ಪವರ್‌ನಲ್ಲಿ ಮೊದಲು ಓಡಾಡಿ. ಮ್ಯಾಕ್ರೋಫೇಜ್ ದೊಡ್ಡದು, ಅಲ್ಲಿಗೇ ಎಳೆದುಕೊಂಡು ಹೋಗಿರುತ್ತೆ.

ಇನ್ನೊಂದು ಮುಖ್ಯ: ಮಜ್ಜೆ ಪರೀಕ್ಷೆ ಮಾಡುವುದು ಹೀಮೋಫ್ಯಾಗೋಸೈಟೋಸಿಸ್ ಹುಡುಕಲಿಕ್ಕಷ್ಟೇ ಅಲ್ಲ, ಲುಕೇಮಿಯಾ, ಲಿಂಫೋಮಾ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲಿಕ್ಕೆ. ಡೆಕ್ಸಾಮೆಥಸೋನ್ ಎರಡು ಡೋಸ್ ಹೋದ ಮೇಲೆ ಮಜ್ಜೆ ತೆಗೆದರೆ ಬ್ಲಾಸ್ಟ್‌ಗಳು ಕರಗಿ ಚಿತ್ರ ಕೆಟ್ಟಿರುತ್ತೆ. ಸ್ಟಿರಾಯ್ಡ್‌ಗೆ ಮುಂಚೆ ಮಜ್ಜೆ, ಊದಿದ ಗ್ರಂಥಿ ಇದ್ದರೆ ಅದರ ಬಯಾಪ್ಸಿ. ಮಗು ಅಷ್ಟು ತಡೆಯೋ ಸ್ಥಿತಿಯಲ್ಲಿ ಇಲ್ಲದಿದ್ದರೆ ಮಾತ್ರ ಈ ನಿಯಮ ಮುರೀರಿ. ದೊಡ್ಡವರಲ್ಲಂತೂ ಬೇರೆ ಕಾರಣ ಸಾಬೀತಾಗುವವರೆಗೆ ಲಿಂಫೋಮಾ ಅಂತಲೇ ಹುಡುಕಬೇಕು.

ಹುಬ್ಬಳ್ಳಿ_ಐಸಿಯು

ಎಲ್ಲಾ ಖರೇನ ಐತ್ರಿ ಸರ್, ಆದ್ರ ರಾತ್ರಿ ಹನ್ನೊಂದಕ್ಕ ನಮ್ಮ ಕೈಯಾಗ ಇರೂದು ಸಿಬಿಸಿ, ಫೆರಿಟಿನ್, ಟ್ರೈಗ್ಲಿಸರೈಡ್, ಫೈಬ್ರಿನೋಜೆನ್ ಇಷ್ಟ. ಸಿಡಿ25 ಹೊರಗ ಕಳಸಬೇಕು, ಎನ್‌ಕೆ ಅಂತೂ ಕೇಳೂದ ಬ್ಯಾಡ. ಅಂದ್ರ ಎಂಟರಾಗ ಎರಡು ಮೊದಲ ಹೋದುವು. ಉಳಿದ ಆರರಾಗ ಐದು ಅಂದ್ರ ಬಿಗಿ ಆತಲ್ರಿ. ಮತ್ತ, ಒಂದು ಲ್ಯಾಬಿನ ರಿಪೋರ್ಟು ‘ಫೆರಿಟಿನ್ 2000ಕ್ಕಿಂತ ಹೆಚ್ಚು’ ಅಂತ ಅಷ್ಟ ಬರತದ. 2001 ಏನು, 60,000 ಏನು, ತಿಳಿಯೂದು ಹೆಂಗ?

ಫ್ಲೋ_ಸೈಟೋ

ನಿಮ್ಮ ತೊಂದರೆಯನ್ನು ಹೆಂಟರ್ ಅವರೇ ಪರಿಹರಿಸಿದ್ದಾರೆ. ಅನುವಂಶೀಯ ಎಚ್‌ಎಲ್‌ಎಚ್ ಮಾನದಂಡವನ್ನು ಮರುಪರಿಶೀಲಿಸಿ 2024ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಅವರ ತಂಡ ಪ್ರಕಟಿಸಿದ ಪ್ರಬಂಧ ನೋಡಿ. ಎನ್‌ಕೆ ಚಟುವಟಿಕೆಯನ್ನು ಪಟ್ಟಿಯಿಂದಲೇ ತೆಗೆದರು. ಈಗ ಏಳರಲ್ಲಿ ಐದು.

ತೆಗೆದದ್ದು ಸರಿ. ಕೆ562 ಎಂಬ ಕ್ಯಾನ್ಸರ್ ಕೋಶಗಳಿಗೆ ವಿಕಿರಣಶೀಲ ಕ್ರೋಮಿಯಂ ತುಂಬಿ, ಎನ್‌ಕೆ ಕೋಶ ಅವನ್ನು ಎಷ್ಟು ಒಡೆಯಿತು ಅಂತ ಅಳೆಯುವ ಪರೀಕ್ಷೆ ಅದು. ತಾಜಾ ರಕ್ತ ಬೇಕು, ಎನ್‌ಕೆ ಸಂಖ್ಯೆ ಕಡಿಮೆ ಇದ್ದರೆ ಸುಳ್ಳು ಫಲಿತಾಂಶ. ಬದಲಿಗೆ ಫ್ಲೋ ಸೈಟೋಮೆಟ್ರಿಯಲ್ಲಿ (ಕೋಶಗಳನ್ನು ಒಂದೊಂದಾಗಿ ಲೇಸರಿನಿಂದ ಅಳೆಯುವ ವಿಧಾನ) ಎರಡು ಪರೀಕ್ಷೆ ಮಾಡಿಸಿ. ಒಂದು, ಎನ್‌ಕೆ ಕೋಶದ ಒಳಗಿನ ಪರ್ಫೋರಿನ್ (ಗುರಿಕೋಶಕ್ಕೆ ತೂತು ಕೊರೆಯುವ ಪ್ರೋಟೀನ್). ಇಲ್ಲವೇ ಇಲ್ಲ ಅಂದರೆ ಪಿಆರ್‌ಎಫ್1 ದೋಷ. ಈ ಜೀನನ್ನು 1999ರಲ್ಲಿ ಗುರುತಿಸಿದರು. ಎರಡು, ಸಿಡಿ107ಎ. ಕೋಶವನ್ನು ಕೆರಳಿಸಿದಾಗ ಕಣಿಕೆಗಳು ಹೊರಪೊರೆಗೆ ಬಂದು ಖಾಲಿಯಾಗುತ್ತವೆಯೆ ಅಂತ ತೋರಿಸುತ್ತೆ. ಬರದಿದ್ದರೆ ಯುಎನ್‌ಸಿ13ಡಿ, ಎಸ್‌ಟಿಎಕ್ಸ್11, ಎಸ್‌ಟಿಎಕ್ಸ್‌ಬಿಪಿ2, ಆರ್‌ಎಬಿ27ಎ ಅಥವಾ ಎಲ್‌ವೈಎಸ್‌ಟಿ ಜೀನಿನ ದೋಷ. ಗಂಡು ಮಗುವಾದರೆ ಎಸ್‌ಎಪಿ, ಎಕ್ಸ್‌ಐಎಪಿ ಪ್ರೋಟೀನ್ ಕೂಡ.

ಖರ್ಚಿಲ್ಲದ ಪರೀಕ್ಷೆ ಒಂದಿದೆ, ಯಾರೂ ಮಾಡುವುದಿಲ್ಲ. ಮಗುವಿನ ಕೂದಲು ಬೂದಿ-ಬೆಳ್ಳಿ ಬಣ್ಣಕ್ಕಿದ್ದರೆ ಎರಡು ಎಳೆ ಸ್ಲೈಡ್ ಮೇಲಿಟ್ಟು ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ನೋಡಿ. ಗ್ರಿಸೆಲ್ಲಿ 2 (ಆರ್‌ಎಬಿ27ಎ ದೋಷದ ರೋಗ) ಆದರೆ ಬಣ್ಣ ದೊಡ್ಡ ದೊಡ್ಡ ಮುದ್ದೆಯಾಗಿ ಅಲ್ಲೊಂದು ಇಲ್ಲೊಂದು ಬಿದ್ದಿರುತ್ತೆ. ಚೀಡಿಯಾಕ್-ಹಿಗಾಶಿಯಲ್ಲಿ (ಎಲ್‌ವೈಎಸ್‌ಟಿ ದೋಷದ ರೋಗ) ಮುದ್ದೆ ಚಿಕ್ಕದು, ಒಂದೇ ಸಮ ಹರಡಿರುತ್ತೆ, ಜೊತೆಗೆ ನ್ಯೂಟ್ರೋಫಿಲ್ ಒಳಗೆ ದೈತ್ಯ ಕಣಿಕೆ. ಐದು ನಿಮಿಷದ ಕೆಲಸ.

ಫೆರಿಟಿನ್ ವಿಷಯ: ಯಂತ್ರದ ಮೇಲ್ಮಿತಿ ದಾಟಿದ್ದನ್ನು ಹಾಗೇ ಬರೆದು ಕಳಿಸಿದ್ದಾರೆ. 1:10, ಬೇಕಾದರೆ 1:100 ತೆಳುಮಾಡಿ ಮತ್ತೆ ಓಡಿಸಿ ಅಂತ ಫಾರಂ ಮೇಲೇ ಬರೆಯಿರಿ. ಇದಕ್ಕಿಂತ ಕೆಟ್ಟದ್ದು ಹುಕ್ ಪರಿಣಾಮ. ಫೆರಿಟಿನ್ ವಿಪರೀತ ಇದ್ದಾಗ ಎರಡೂ ಆ್ಯಂಟಿಬಾಡಿಗಳು ಬೇರೆಬೇರೆ ಫೆರಿಟಿನ್ ಕಣಗಳಿಂದ ತುಂಬಿಹೋಗಿ ಜೋಡಿ ಕೂಡುವುದಿಲ್ಲ, ಯಂತ್ರ ಕಡಿಮೆ ಸಂಖ್ಯೆ ತೋರಿಸುತ್ತೆ. ಮಗು ನರಳ್ತಿದೆ, ಫೆರಿಟಿನ್ ಮಾತ್ರ ‘900’ ಅಂದರೆ ತೆಳುಮಾಡದೆ ನಂಬಬೇಡಿ.

500 ಅನ್ನುವ ಗಡಿ ಸೂಕ್ಷ್ಮ, ಆದರೆ ನಿರ್ದಿಷ್ಟ ಅಲ್ಲ. 2008ರಲ್ಲಿ ಮಕ್ಕಳಲ್ಲಿ ನಡೆದ ಅಧ್ಯಯನದ ಪ್ರಕಾರ 10,000 ದಾಟಿದರೆ ಎಚ್‌ಎಲ್‌ಎಚ್‌ಗೆ 90% ಸೂಕ್ಷ್ಮತೆ, 96% ನಿರ್ದಿಷ್ಟತೆ. ಸಿಡಿ25 ಬಗ್ಗೆ ಒಂದೇ ಎಚ್ಚರಿಕೆ: 2400 ಅನ್ನುವುದು ಮಿ.ಲೀ.ಗೆ ಯೂನಿಟ್. ಕೆಲವು ಲ್ಯಾಬುಗಳು ಪಿಕೋಗ್ರಾಂನಲ್ಲಿ ಕೊಡುತ್ತವೆ. ಎರಡನ್ನೂ ಒಂದೇ ಅಂದುಕೊಂಡರೆ ಇಲ್ಲದ ರೋಗ ಬರುತ್ತೆ.

ವಾತರೋಗ_ಒಪಿಡಿ

ನಮ್ಮ ಕಡೆಯ ಮಕ್ಕಳನ್ನು ಮರೀಬೇಡಿ. ಸಿಸ್ಟಮಿಕ್ ಜೆಐಎ (ಮೈಯೆಲ್ಲ ಆವರಿಸುವ ಮಕ್ಕಳ ಸಂಧಿವಾತ) ಇರುವ ಮಗುವಿಗೆ ಮ್ಯಾಕ್ರೋಫೇಜ್ ಆ್ಯಕ್ಟಿವೇಶನ್ ಸಿಂಡ್ರೋಮ್ (ವಾತರೋಗದಲ್ಲಿ ಬರುವ ಎಚ್‌ಎಲ್‌ಎಚ್) ಬಂದಾಗ 2004ರ ಪಟ್ಟಿ ಹಿಡಿದು ಕೂತರೆ ತಡವಾಗುತ್ತೆ. ಕಾರಣ ಸರಳ. ಆ ಮಗುವಿನ ಪ್ಲೇಟ್‌ಲೆಟ್ ಮೊದಲೇ 5–6 ಲಕ್ಷ ಇರುತ್ತೆ, ಫೈಬ್ರಿನೋಜೆನ್ನೂ ಏರಿರುತ್ತೆ. ಪ್ಲೇಟ್‌ಲೆಟ್ 1.8 ಲಕ್ಷಕ್ಕೆ ಇಳಿದರೆ ವರದಿಯಲ್ಲಿ ‘ನಾರ್ಮಲ್’, ಆ ಮಗುವಿಗೆ ಅದು ಕುಸಿತ. ಅದಕ್ಕೇ 2016ರ ಮಾನದಂಡ ಬೇರೆ: ಜ್ವರ, ಫೆರಿಟಿನ್ 684 ದಾಟಿರಬೇಕು, ಜೊತೆಗೆ ಪ್ಲೇಟ್‌ಲೆಟ್ 1.81 ಲಕ್ಷ ಅಥವಾ ಕಡಿಮೆ, ಎಎಸ್‌ಟಿ 48ಕ್ಕಿಂತ ಹೆಚ್ಚು, ಟ್ರೈಗ್ಲಿಸರೈಡ್ 156ಕ್ಕಿಂತ ಹೆಚ್ಚು, ಫೈಬ್ರಿನೋಜೆನ್ 360 ಅಥವಾ ಕಡಿಮೆ, ಇವುಗಳಲ್ಲಿ ಎರಡು.

ಇಎಸ್‌ಆರ್, ಸಿಆರ್‌ಪಿ ಎರಡೂ ಉರಿಯೂತದ ಪರೀಕ್ಷೆಗಳು: ಸಿಆರ್‌ಪಿ ಏರ್ತಾ ಇಎಸ್‌ಆರ್ ದಿಢೀರ್ ಬಿದ್ದರೆ ‘ಸುಧಾರಿಸ್ತಿದೆ’ ಅಂದುಕೊಳ್ಳಬೇಡಿ. ಫೈಬ್ರಿನೋಜೆನ್ ಖಾಲಿಯಾಗ್ತಿದೆ ಅಂತ ಅರ್ಥ. ಪ್ಲಾಸ್ಮಾ, ಕ್ರಯೋ ಏರಿಸುವುದಕ್ಕೆ ಮುಂಚೆ ಫೈಬ್ರಿನೋಜೆನ್ ಸ್ಯಾಂಪಲ್ ಹೋಗಲಿ. ನೀಲಿ ಮುಚ್ಚಳದ ಟ್ಯೂಬ್ ಗೆರೆಯವರೆಗೂ ತುಂಬಲಿ; ಅರ್ಧ ತುಂಬಿದರೆ ಸಿಟ್ರೇಟ್ ಹೆಚ್ಚಾಗಿ ಸುಳ್ಳು ಫಲಿತಾಂಶ.

ದೊಡ್ಡವರಿಗೆ ಎಚ್‌ಸ್ಕೋರ್ (ಎಚ್‌ಎಲ್‌ಎಚ್ ಸಂಭವ ಅಳೆಯುವ ಅಂಕಪಟ್ಟಿ) ಬಳಸಿ. 2014ರದ್ದು. ಅಂಕ 169 ದಾಟಿದರೆ 93% ಸೂಕ್ಷ್ಮತೆ, 86% ನಿರ್ದಿಷ್ಟತೆ. ಸಿಡಿ25, ಎನ್‌ಕೆ ಎರಡೂ ಬೇಕಿಲ್ಲ.

ಮಕ್ಕಳವಾರ್ಡ್

ಎಲ್ಲರೂ ಒಳ್ಳೇ ಮಾತು ಹೇಳಿದಿರಿ. ಈಗ ಔಷಧ. 1996ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ನೋಂದಣಿಯ 122 ಮಕ್ಕಳಲ್ಲಿ 5 ವರ್ಷ ಬದುಕುಳಿದವರ ಅಂದಾಜು 21%. ಹೆಂಟರ್ 2002ರಲ್ಲಿ ಎಚ್‌ಎಲ್‌ಎಚ್-94ರ 113 ಮಕ್ಕಳ ಫಲಿತಾಂಶ ಕೊಟ್ಟಾಗ 3 ವರ್ಷಕ್ಕೆ 55%. 2011ರಲ್ಲಿ 249 ಮಕ್ಕಳ ದೀರ್ಘಾವಧಿ ವರದಿಯಲ್ಲಿ 5 ವರ್ಷಕ್ಕೆ 54%. ಹಿಡಿದದ್ದು ಗಟ್ಟಿಯಾಗಿ ನಿಂತಿದೆ.

ಇಂಡಕ್ಷನ್ (ಚಿಕಿತ್ಸೆಯ ಮೊದಲ ಹಂತ) 8 ವಾರ. ಡೆಕ್ಸಾಮೆಥಸೋನ್ ದಿನಕ್ಕೆ ಚದರ ಮೀಟರಿಗೆ 10 ಮಿ.ಗ್ರಾಂ. 2 ವಾರ, 5 ಮಿ.ಗ್ರಾಂ. 2 ವಾರ, 2.5 ಮಿ.ಗ್ರಾಂ. 2 ವಾರ, 1.25 ಮಿ.ಗ್ರಾಂ. 1 ವಾರ, ಎಂಟನೇ ವಾರ ಇಳಿಸಿ ನಿಲ್ಲಿಸುವುದು. ಪ್ರೆಡ್ನಿಸೋಲೋನ್ ಬಿಟ್ಟು ಇದನ್ನೇ ಆರಿಸಿದ್ದು ಮಿದುಳಿಗೆ ಚೆನ್ನಾಗಿ ಇಳಿಯುತ್ತೆ ಅಂತ. ಎಟೊಪೊಸೈಡ್ ಚದರ ಮೀಟರಿಗೆ 150 ಮಿ.ಗ್ರಾಂ., ಮೊದಲ 2 ವಾರ ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಹತ್ತು ಡೋಸ್, ಒಟ್ಟು ಚದರ ಮೀಟರಿಗೆ 1500 ಮಿ.ಗ್ರಾಂ.

ಎಟೊಪೊಸೈಡೇ ಯಾಕೆ? ಕೆರಳಿ ವಿಭಜನೆಯಾಗುತ್ತಿರುವ ಟಿ ಕೋಶಗಳನ್ನೇ ಅದು ಹೆಚ್ಚಾಗಿ ಕೊಲ್ಲುತ್ತೆ, ಸುಮ್ಮನಿರುವ ಟಿ ಕೋಶಗಳಿಗೆ ಅಷ್ಟು ಪೆಟ್ಟಿಲ್ಲ. 2014ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಔಷಧ ಮೊದಲು ಕೆಲಸ ಮಾಡಿತು, ವಿವರಣೆ ಇಪ್ಪತ್ತು ವರ್ಷ ತಡವಾಗಿ ಬಂತು.

ಎಚ್‌ಎಲ್‌ಎಚ್-2004ರಲ್ಲಿ ಸೈಕ್ಲೋಸ್ಪೋರಿನ್ (ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ) ಅನ್ನು ಒಂಬತ್ತನೇ ವಾರದ ಬದಲು ಮೊದಲ ದಿನವೇ ಕೊಟ್ಟರು. 2017ರಲ್ಲಿ 369 ಮಕ್ಕಳ ಫಲಿತಾಂಶ ಬಂತು: 5 ವರ್ಷಕ್ಕೆ 61%, ಮಜ್ಜೆ ಕಸಿಗೆ ಮುಂಚಿನ ಸಾವು 27ರಿಂದ 19%ಕ್ಕೆ ಇಳಿಯಿತು, ಆದರೆ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಮೊದಲ ವಾರವೇ ಸೈಕ್ಲೋಸ್ಪೋರಿನ್ ಅಂದರೆ ರಕ್ತದೊತ್ತಡ ಏರಿಕೆ, ಪ್ರೆಸ್ (ಮಿದುಳಿನ ಊತ), ಫಿಟ್ಸ್. ಫಿಟ್ಸ್ ರೋಗದ್ದೋ ಔಷಧದ್ದೋ ಅನ್ನುವ ಗೊಂದಲ ಬೇರೆ. ಹಾಗಾಗಿ 94ರ ಕ್ರಮಕ್ಕೇ ಮರಳಿ ಅಂತ ಹಿಸ್ಟಿಯೋಸೈಟ್ ಸೊಸೈಟಿಯ ಸಲಹೆ ಬಂತು. ತಮ್ಮದೇ ಹೊಸ ಕ್ರಮ ಹಳೆಯದಕ್ಕಿಂತ ಮೇಲು ಅಂತ ಸಾಬೀತಾಗಲಿಲ್ಲ ಅಂತ ಬರೆದ ತಂಡ ಇದು. ಈ ಕ್ಷೇತ್ರದಲ್ಲಿ ಅಪರೂಪ.

ಫಾರ್ಮಸಿ_ಕೌಂಟರ್

ಕೊಡುವ ಕಡೆ ಏನು ಎಡವಟ್ಟಾಗುತ್ತೆ ಅಂತ ನಾನು ಬರೀತೀನಿ. 82 ಸೆಂ.ಮೀ., 11 ಕಿಲೋ ಮಗು ಅಂದುಕೊಳ್ಳಿ. ಎರಡನ್ನೂ ಗುಣಿಸಿ 3600ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.5 ಚದರ ಮೀಟರ್. ಎಟೊಪೊಸೈಡ್ 75 ಮಿ.ಗ್ರಾಂ. ವಯಲ್ ಮಿ.ಲೀ.ಗೆ 20 ಮಿ.ಗ್ರಾಂ., ಅಂದರೆ 3.75 ಮಿ.ಲೀ. ಇದನ್ನು 0.2ರಿಂದ 0.4 ಮಿ.ಗ್ರಾಂ./ಮಿ.ಲೀ. ನಡುವೆ ತೆಳುಮಾಡಬೇಕು. 0.4ಕ್ಕೆ ತಂದರೂ ಸುಮಾರು 188 ಮಿ.ಲೀ. ಸಲೈನ್ ಬೇಕು. 100 ಮಿ.ಲೀ. ಬಾಟಲಿಗೆ ಹಾಕಿದರೆ 0.7 ಆಗುತ್ತೆ, ಹರಳು ಕಟ್ಟುತ್ತೆ, ಲೈನ್ ಬ್ಲಾಕ್. ಫ್ರಿಜ್ಜಿನಲ್ಲೂ ಇಡಬೇಡಿ, ಅದೇ ಗತಿ.

188 ಮಿ.ಲೀ. ಅಂದರೆ ಈ ಮಗುವಿಗೆ ಕಿಲೋಗೆ 17 ಮಿ.ಲೀ. ರಕ್ತನಾಳ ಸೋರುತ್ತಿರುವ ಮಗುವಿಗೆ ಸಣ್ಣ ಮೊತ್ತವಲ್ಲ, ದಿನದ ದ್ರವದ ಲೆಕ್ಕಕ್ಕೆ ಸೇರಿಸಿ, 2 ಗಂಟೆ ಮೇಲೆ ಬಿಡಿ. ಬೇಗ ಓಡಿಸಿದರೆ ಬಿ.ಪಿ. ಬೀಳುತ್ತೆ. ತೆಳುಮಾಡದ ಔಷಧ ಎಬಿಎಸ್ ಪ್ಲಾಸ್ಟಿಕ್ಕಿನ ಭಾಗಗಳನ್ನು ಬಿರುಕು ಬಿಡಿಸುತ್ತೆ ಅನ್ನುವುದೂ ನೆನಪಿರಲಿ.

ಹುಬ್ಬಳ್ಳಿ_ಐಸಿಯು

ಬಿಲಿರುಬಿನ್ 9 ಐತಿ, ಕೌಂಟ್ 800 ಐತಿ. ಆಗೂ ಪೂರ್ತಿ ಡೋಸ್ ಏನ್ರಿ?

ಮಕ್ಕಳವಾರ್ಡ್

ಹೌದು ಸರ್. ಕಾಮಾಲೆಯೂ ಕೌಂಟ್ ಕುಸಿತವೂ ರೋಗದಿಂದಲೇ ಬಂದಿದ್ದರೆ ಅವು ಡೋಸ್ ಇಳಿಸಲು ಕಾರಣ ಅಲ್ಲ. ಹಿಸ್ಟಿಯೋಸೈಟ್ ಸೊಸೈಟಿ ಸಮಿತಿಯ 2018ರ ಶಿಫಾರಸಿನಲ್ಲೂ ಬರೀ ಬಿಲಿರುಬಿನ್ ಏರಿಕೆಗೆ ಇಳಿಸಬೇಡಿ ಅಂತಿದೆ. ಇಳಿಸಬೇಕಾದ್ದು ಕಿಡ್ನಿ ನೋಡಿ: ಕ್ರಿಯಾಟಿನಿನ್ ಕ್ಲಿಯರೆನ್ಸ್ 15–50 ಇದ್ದರೆ ಮುಕ್ಕಾಲು ಡೋಸ್. ವಯಸ್ಸಾದವರಿಗೆ ವಾರಕ್ಕೊಮ್ಮೆ ಚದರ ಮೀಟರಿಗೆ 50–100 ಮಿ.ಗ್ರಾಂ. ಸಾಕು ಅಂತ 2019ರ ದೊಡ್ಡವರ ಶಿಫಾರಸು.

ಜೊತೆಗೆ ಹೋಗಬೇಕಾದ್ದು: ಕೋಟ್ರೈಮಾಕ್ಸಜೋಲ್ ವಾರಕ್ಕೆ 2–3 ದಿನ, ಶಿಲೀಂಧ್ರ ತಡೆ, ಹೊಟ್ಟೆಗೆ ಆಸಿಡ್ ತಡೆ. ಬೆನ್ನಿನ ನೀರಿನ ಪರೀಕ್ಷೆ ಪ್ಲೇಟ್‌ಲೆಟ್ ಸರಿಮಾಡಿಕೊಂಡು ಮಾಡಲೇಬೇಕು. ನರದ ಲಕ್ಷಣ ಹೆಚ್ಚುತ್ತಿದ್ದರೆ ಅಥವಾ 2 ವಾರದ ಮೇಲೂ ನೀರು ಸರಿಹೋಗದಿದ್ದರೆ ಬೆನ್ನುಹುರಿಯ ಸುತ್ತಲಿನ ನೀರಿಗೆ ಮೆಥೊಟ್ರೆಕ್ಸೇಟ್: 1 ವರ್ಷದೊಳಗೆ 6, 1–2ಕ್ಕೆ 8, 2–3ಕ್ಕೆ 10, ಅದಕ್ಕೂ ಮೇಲೆ 12 ಮಿ.ಗ್ರಾಂ., ವಾರಕ್ಕೊಂದು.

ಜ್ವರದ_ವಾರ್ಡ್ ಸರ್ ಆಕ್ಷೇಪಕ್ಕೆ ನನ್ನ ಉತ್ತರ: ವಯಸ್ಸು ಒಂದು ವರ್ಷದೊಳಗೆ, ರಕ್ತಸಂಬಂಧದ ಮದುವೆ, ಹಿಂದೆ ಒಂದು ಮಗು ಹೀಗೇ ಹೋಗಿದೆ, ಅಥವಾ ಮಿದುಳಿಗೆ ಬಂದಿದೆ, ಇದರಲ್ಲಿ ಒಂದಿದ್ದರೂ ನಾಲ್ಕಕ್ಕೇ ಶುರು ಮಾಡ್ತೀನಿ. ದೊಡ್ಡ ಮಗು, ಸೋಂಕು ಸಿಕ್ಕಿದೆ, ಗಟ್ಟಿಯಾಗಿದೆ ಅಂದರೆ ಸೋಂಕಿನ ಔಷಧ, ಬೇಕಾದರೆ ಸ್ಟಿರಾಯ್ಡ್, 48 ಗಂಟೆ ನೋಡುವುದು. ಇಬಿವಿ (ಎಪ್ಸ್ಟೀನ್-ಬಾರ್ ವೈರಸ್) ಮಾತ್ರ ಈ ಲೆಕ್ಕಕ್ಕೆ ಬರಲ್ಲ. ಅದರಲ್ಲಿ ಮೊದಲ 4 ವಾರದೊಳಗೆ ಎಟೊಪೊಸೈಡ್ ಕೊಟ್ಟವರೇ ಹೆಚ್ಚು ಉಳಿದದ್ದು ಅಂತ ಜಪಾನಿನ 2001ರ ವರದಿ.

ಜ್ವರದ_ವಾರ್ಡ್

ಹೀಗೆ ಭಾಗ ಮಾಡಿದರೆ ನನ್ನ ತಕರಾರಿಲ್ಲ. ಆ 48 ಗಂಟೆಯಲ್ಲಿ ದಿನಾ ಫೆರಿಟಿನ್ ನೋಡಿ ಅಂತ ಮಾತ್ರ ಸೇರಿಸಿ, ಅದೇ ಲ್ಯಾಬಿನಲ್ಲಿ. ಚಿಕಿತ್ಸೆ ಶುರುವಾದ ಮೇಲೆ ಅರ್ಧಕ್ಕಿಂತ ಕಡಿಮೆ ಇಳಿದವರಲ್ಲಿ ಸಾವು ಹೆಚ್ಚು. ಮೂರನೇ ವಾರ ಡೆಕ್ಸಾ 5ಕ್ಕೆ ಇಳಿಸಿದಾಗ ಮತ್ತೆ ಜ್ವರ ಬಂದರೆ ರೋಗ ಮರುಕಳಿಸಿತು ಅಂತ ತಕ್ಷಣ ಡೋಸ್ ಏರಿಸಬೇಡಿ. ಮೊದಲು ರಕ್ತದ ಕಲ್ಚರ್, ಗ್ಯಾಲಕ್ಟೋಮನ್ನನ್ (ಶಿಲೀಂಧ್ರ ಸೋಂಕಿನ ಪರೀಕ್ಷೆ), ಎದೆಯ ಸಿಟಿ.

ಫ್ಲೋ_ಸೈಟೋ

ರಕ್ತಸಂಬಂಧ ಅಂದಿರಲ್ಲ, ಅದು ನಮ್ಮ ಕಡೆ ಕೇಳಲೇಬೇಕಾದ ಪ್ರಶ್ನೆ. ಪರ್ಫೋರಿನ್ ಗುಂಪಿನ ದೋಷಗಳೆಲ್ಲ ತಂದೆ, ತಾಯಿ ಇಬ್ಬರಿಂದಲೂ ಬರಬೇಕು. ಅತ್ತೆ-ಮಾವನ ಮಕ್ಕಳ ಮದುವೆಗಿಂತ ಅಕ್ಕನ ಮಗಳನ್ನು ತಂದುಕೊಂಡಲ್ಲಿ ಒಂದೇ ಜೀನ್ ಎರಡೂ ಕಡೆಯಿಂದ ಬರುವ ಸಂಭವ ಇಮ್ಮಡಿ, 1/16ರ ಬದಲು 1/8. ‘ಸಂಬಂಧದಲ್ಲೇನಾ?’ ಅಂತ ಕೇಳಿದರೆ ಕೆಲವರು ಇಲ್ಲ ಅಂತಾರೆ. ‘ನಿಮ್ಮ ಯಜಮಾನರು ಮದುವೆಗೆ ಮುಂಚೆ ನಿಮಗೆ ಏನಾಗಬೇಕಿತ್ತು?’ ಅಂತ ಕೇಳಿ, ಉತ್ತರ ಬರುತ್ತೆ.

ದೋಷ ಸಿಕ್ಕರೆ ಮಜ್ಜೆ ಕಸಿ ಬಿಟ್ಟು ಬೇರೆ ದಾರಿಯಿಲ್ಲ. ಸೋದರ ದಾನಿಯ ಎಚ್‌ಎಲ್‌ಎ (ಕಸಿಗೆ ಹೊಂದಬೇಕಾದ ಅಂಗಾಂಶ ಗುರುತು) ಹೊಂದಿದರೆ ಸಾಲದು, ಅದೇ ಜೀನ್ ಪರೀಕ್ಷೆ ಅವನಿಗೂ ಆಗಬೇಕು. ಲಕ್ಷಣ ಇನ್ನೂ ಬರದ ರೋಗಿಯೇ ಅವನಾಗಿರಬಹುದು. ಒಂದು ಕಾಪಿಯಷ್ಟೇ ಇರುವ ವಾಹಕನಾದರೆ ಸಾಮಾನ್ಯವಾಗಿ ನಡೆಯುತ್ತೆ. ಕಸಿಗೆ ಮುಂಚಿನ ಕೀಮೋ ತೀವ್ರತೆ ಕೂಡ ಮುಖ್ಯ: ಸಿನ್ಸಿನಾಟಿಯ 2010ರ ವರದಿಯಲ್ಲಿ ಕಡಿಮೆ ತೀವ್ರತೆಯದ್ದಕ್ಕೆ 3 ವರ್ಷಕ್ಕೆ 92%, ಪೂರ್ಣ ತೀವ್ರತೆಗೆ 43%. ಬದಲಿಗೆ ದಾನಿ, ರೋಗಿಯ ಕೋಶ ಬೆರಕೆಯಾಗಿ ಉಳಿಯುವುದು ಹೆಚ್ಚು, ಆದರೆ ದಾನಿಯ ಪಾಲು 20–30%ಕ್ಕಿಂತ ಮೇಲೆ ನಿಂತರೆ ಸಾಮಾನ್ಯವಾಗಿ ರೋಗ ಮರಳುವುದಿಲ್ಲ.

ಮಜ್ಜೆ_ಸ್ಲೈಡ್

ಎಮಪಾಲುಮ್ಯಾಬ್ ಬಗ್ಗೆ ಯಾರೂ ಎತ್ತಲಿಲ್ಲ. ಇಂಟರ್‌ಫೆರಾನ್ ಗಾಮಾ ತಡೆಯುವ ಆ್ಯಂಟಿಬಾಡಿ, 2018ರ ನವೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ. 2020ರ ಅಧ್ಯಯನದಲ್ಲಿ 34 ಮಕ್ಕಳು, ಮೊದಲ ಚಿಕಿತ್ಸೆಗೆ ಬಗ್ಗದ 27ರಲ್ಲಿ 63% ಸ್ಪಂದಿಸಿದರು. ಎರಡನೇ ಸಾಲಿನ ಔಷಧ ಅಂತಲೇ ನೋಡಬೇಕು. ಎಟೊಪೊಸೈಡಿನ ಬೆಲೆಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಹುಬ್ಬಳ್ಳಿ_ಐಸಿಯು

ಕಡೀ ಪ್ರಶ್ನೆರಿ. ದೊಡ್ಡ ಆಸ್ಪತ್ರೆಗೆ ಕಳಸೂ ಮುಂದ ಏನೇನು ತಗದು ಇಟ್ಕೋಬೇಕು?

ಫ್ಲೋ_ಸೈಟೋ

ರಕ್ತ ಏರಿಸುವ ಮೊದಲು, ಸ್ಟಿರಾಯ್ಡ್‌ಗೂ ಮೊದಲು: ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2–3 ಮಿ.ಲೀ. ಜೀನ್ ಪರೀಕ್ಷೆಗೆ, ಫ್ರಿಜ್ಜಿನಲ್ಲಿ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಸಿಡಿ107ಎಗೆ, ಕೋಣೆಯ ಉಷ್ಣಾಂಶದಲ್ಲಿ, ಅದೇ ದಿನ ಹೊರಡಬೇಕು. ಇದನ್ನು ಐಸ್ ಮೇಲೆ ಇಟ್ಟರೆ ಕೋಶ ಕೆಲಸ ಮಾಡಲ್ಲ. ಸೀರಂ ಒಂದು ಮಿ.ಲೀ. ಸಿಡಿ25ಕ್ಕೆ, ಫ್ರೀಜ್ ಮಾಡಿ. ಇಬಿವಿ ಪಿಸಿಆರ್‌ಗೆ ಇನ್ನೊಂದು ಇಡಿಟಿಎ. ಸ್ಟಿರಾಯ್ಡ್ ಮುಂಚಿನ ಮಜ್ಜೆಯ ಸ್ಲೈಡ್‌ಗಳಲ್ಲಿ ಬಣ್ಣ ಹಾಕದ ಎರಡು.

ಮಗು ದಾರಿಗೆ ತಡೆಯಲ್ಲ ಅನ್ನಿಸಿದರೂ ಆ ಮೊದಲ ಇಡಿಟಿಎ ಟ್ಯೂಬ್ ಬಿಡಬೇಡಿ. ದೋಷ ಯಾವುದು ಅಂತ ಈ ಮಗುವಿನಲ್ಲಿ ಗೊತ್ತಾದರೆ ಮಾತ್ರ ಮುಂದಿನ ಬಸಿರಿನಲ್ಲಿ 11–13ನೇ ವಾರ ಸಿವಿಎಸ್ (ಮಾಸಿನ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಿ ಹೇಳಲಿಕ್ಕೆ ಆಗುವುದು. ಪ್ರತಿ ಬಸಿರಿಗೂ 25% ಅಪಾಯ. ತಂದೆ, ತಾಯಿ ಇಬ್ಬರದೂ ತಲಾ ಒಂದು ಟ್ಯೂಬ್ ಅದರ ಜೊತೆಗೇ ಕಟ್ಟಿ ಕಳಿಸಿ.